ನೂಲಿಲ್ಲದ ಹೊಲಿಗೆ

ಸೊಸೆ ಮಹಡಿಯಿಂದ ಇಳಿದು ಬಂದವಳೇ ಹೊಲಿಗೆ ಮೆಷಿನ್ನಿನ ಚಕ್ರವನ್ನು ಅಂಗೈಯಿಂದ ಒತ್ತಿ ಹಿಡಿದಳು. ಸೂಜಿ ನಿಂತಿತು. ಮೋಟಾರು ಮಾತ್ರ ನಿಲ್ಲಲಿಲ್ಲ. ಬೆಲ್ಟು ಜಾರಿ ಕಿರ್ರೆಂದು ಅರಚಿಕೊಂಡು, ಸುಟ್ಟ ರಬ್ಬರಿನ ವಾಸನೆ ಕೋಣೆಯೆಲ್ಲ ತುಂಬಿದರೂ ಕಾಲರಮ್ಮನ ಬಲಗಾಲು ಪೆಡಲನ್ನು ಒತ್ತಿಕೊಂಡೇ ಇತ್ತು.

"ಕಾಲು ತೆಗೀರಿ ಅತ್ತೆ."

ಕಾಲರಮ್ಮ ಕಾಲು ತೆಗೆದಳು.

ಸೊಸೆಯ ಎಡಗೈ ಹೊಟ್ಟೆಗೆ ಆತುಕೊಂಡಿತ್ತು, ಅದು ಅವಳದಲ್ಲ, ಯಾರೋ ಹಿಡಿದುಕೊಂಡಿರು ಎಂದು ಕೊಟ್ಟುಹೋದ ಸಾಮಾನು ಎಂಬಂತೆ. ಕೆಳತುಟಿ ಒಂದು ಕಡೆ ಊದಿತ್ತು. ಅವಳು ಅತ್ತೆಯ ಮುಖ ನೋಡಲಿಲ್ಲ, ಸೂಜಿಯ ಕೆಳಗೆ ನೋಡಿದಳು. ಕಾಲರಿನ ಒಳಗೆ ಇಡುವ ಗಟ್ಟಿ ಬಟ್ಟೆಯ ತುಂಡೊಂದು ಅಲ್ಲಿತ್ತು. ಅದರ ತುಂಬ ಸಾಲು ಸಾಲು ತೂತುಗಳು. ಸೊಸೆ ಅದನ್ನು ಎಳೆದುಕೊಂಡು ಬೆಳಕಿಗೆ ಹಿಡಿದಳು. ಆಮೇಲೆ ಮೆಷಿನ್ನಿನ ನೆತ್ತಿ ನೋಡಿದಳು. ನೂಲಿನ ಉಂಡೆ ಇರಬೇಕಾದ ಕಡ್ಡಿ ಬೋಳಾಗಿ ನಿಂತಿತ್ತು.

"ನೂಲೇ ಇಲ್ಲ," ಅಂದಳು.

"ಸುಮ್ನೆ ದಂಡ ಯಾಕೆ ಅಂತ..."

ಕಾಲರಮ್ಮನ ಬಾಯಿಂದ ಬಂದದ್ದು ಇಷ್ಟೇ. ಹೇಳಬಾರದಿತ್ತು ಎಂದು ಹೇಳುವಾಗಲೇ ಗೊತ್ತಾಯಿತು, ಆದರೆ ಮಾತು ಆಗಲೇ ತುಟಿ ದಾಟಿತ್ತು. ಸೊಸೆ ಬಟ್ಟೆಯ ತುಂಡನ್ನು ಇದ್ದಲ್ಲೇ ಇಟ್ಟಳು. ಬಾಗಿಲ ಬಳಿ ಸಿಕ್ಕಿದ ಚಪ್ಪಲಿಗೆ ಕಾಲು ತೂರಿಸಿ ಬೀದಿಗಿಳಿದಳು. ಅದು ಅತ್ತೆಯ ಚಪ್ಪಲಿ. ಅವಳಿಗೆ ಒಂದು ಬೆರಳು ಸಣ್ಣದು, ಹಿಮ್ಮಡಿ ಹಿಂದಕ್ಕೆ ಚಾಚಿಕೊಂಡಿತ್ತು. ತಿರುವಿನಲ್ಲಿ ಮರೆಯಾಗುವತನಕ ಕಾಲರಮ್ಮ ಆ ಹಿಮ್ಮಡಿಯನ್ನೇ ನೋಡಿದಳು.

ಮಹಡಿಯ ಮೇಲೆ ಮುಚ್ಚಿದ್ದ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಸರ್ ಎಂದು ಒಂದು. ಸರ್ ಎಂದು ಇನ್ನೊಂದು.

ಅವಳು ಕಾಲರಮ್ಮನಾದದ್ದು ಕಾಲರುಗಳಿಂದಲೇ. ಅಂಗಿ ಹೊಲಿಯುವ ಕಾರ್ಖಾನೆಯಿಂದ ಕತ್ತರಿಸಿದ ಬಟ್ಟೆಯ ಗಂಟು ಬರುತ್ತಿತ್ತು. ಅವಳು ಕಾಲರು ಮಾತ್ರ ಹೊಲಿದು ವಾಪಸು ಕಳಿಸುತ್ತಿದ್ದಳು. ಆ ಕಾಲರಿಗೆ ಯಾವ ಅಂಗಿ ಸೇರಿತು, ಆ ಅಂಗಿಯನ್ನು ಯಾವ ಮಹಾರಾಯ ತೊಟ್ಟ, ಅವಳಿಗೆ ಗೊತ್ತಿಲ್ಲ. ಬೀದಿಯವರು ಇಟ್ಟ ಹೆಸರು ಅವಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ ನಿಜವಾದ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಿದ್ದಳು. ಮೆಷಿನ್ ಅವಳಷ್ಟೇ ಹಳೆಯದು. ಮಂಡಿ ನೋವು ಶುರುವಾದ ಮೇಲೆ ಮಗ ಅದಕ್ಕೊಂದು ಮೋಟಾರು ಕೂರಿಸಿ, ವಯರಿನ ತುದಿಗೆ ಕಪ್ಪು ಪೆಡಲು ಕೊಟ್ಟಿದ್ದ. ಪೆಡಲು ಒತ್ತಿದರೆ ಮೇಜು, ಮೇಜಿನ ಮೇಲಿನ ಕತ್ತರಿ, ಗೋಡೆಯ ಕ್ಯಾಲೆಂಡರು ಎಲ್ಲಕ್ಕೂ ಒಟ್ಟಿಗೆ ನಡುಕ. ಗೋಡೆಯಾಚೆ ಮಕ್ಕಳಿಗೆ ಪಾಠ ಹೇಳುವ ಟ್ಯೂಷನ್ ಮೇಡಂ ವಾರಕ್ಕೊಮ್ಮೆಯಾದರೂ ಬಾಗಿಲಿಗೆ ಬಂದು, "ಕಾಲರಮ್ಮ, ನಿಮ್ಮ ಮೆಷಿನ್ ಗಲಾಟೆಗೆ ನನ್ನ ಮಕ್ಳು ಮಗ್ಗಿ ಮರೀತಿದಾರೆ. ಪರೀಕ್ಷೇಲಿ ಫೇಲಾದ್ರೆ ನಿಮ್ಮ ಹೆಸರೇ ಬರ್ಕೊಡ್ತೀನಿ," ಎನ್ನುತ್ತಿದ್ದಳು. "ಬರ್ಕೊಡಿ, ಪಾಸಾದ್ರೂ ನನ್ನ ಹೆಸರೇ ಬರ್ಕೊಡಿ," ಎಂದು ಕಾಲರಮ್ಮ ನಗುತ್ತಿದ್ದಳು.

ಮಗ ಕನ್ನಡಕದ ಅಂಗಡಿಯಲ್ಲಿದ್ದ. ಗಟ್ಟಿಯಾಗಿ ಮಾತಾಡಿದರೆ ಎಲ್ಲಿ ಗಾಜು ಒಡೆದೀತೋ ಎಂಬಂಥ ಮೆಲುದನಿ. ಬೀದಿಯಲ್ಲಿ ಯಾರ ಕನ್ನಡಕ ಸಡಿಲವಾದರೂ ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಅಲ್ಲೇ ನಿಂತು ಬಿಗಿ ಮಾಡಿಕೊಡುವವನು, ಕಾಸು ಕೇಳದವನು. ಬೀದಿಯ ಅರ್ಧ ಜನ ಲೋಕ ನೋಡುವುದೇ ಅವನು ಕೂರಿಸಿಕೊಟ್ಟ ಗಾಜಿನಲ್ಲಿ. ಸೊಸೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಜೋರು ದನಿ ಅವಳದು. ಕಲಿಯುವವರು ಬೆದರಿದಾಗ ಆ ದನಿ ಬೇಕಾಗುತ್ತದೆ ಎನ್ನುತ್ತಿದ್ದಳು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಯಾರು ಯಾರನ್ನು ಗದರಿಸಬಹುದೆಂದು ಕೇಳುವ ಅಗತ್ಯವೇ ಇರಲಿಲ್ಲ. ಬೀದಿ ಕೇಳಲೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಅಂಗಡಿ ಮುಚ್ಚಿ ಮಗ ಮಹಡಿಯ ಮೇಲಿನ ತಮ್ಮ ಮನೆಗೆ ಬರುತ್ತಿದ್ದ. ಸೊಸೆಯೂ ಆ ಹೊತ್ತಿಗೆ ಬರುತ್ತಿದ್ದಳು. ಒಮ್ಮೊಮ್ಮೆ ಪಾಠ ತಡವಾಗುತ್ತಿತ್ತು. ಒಮ್ಮೊಮ್ಮೆ ಕಲಿಯುವವನು ಗಂಡಸಾಗಿರುತ್ತಿದ್ದ. ಒಮ್ಮೊಮ್ಮೆ ಯಾವ ಕಾರಣವೂ ಇರುತ್ತಿರಲಿಲ್ಲ, ಅಥವಾ ಕೆಳಗಿನ ಕೋಣೆಗೆ ಇಳಿದು ಬರುವಂಥ ಕಾರಣ ಇರುತ್ತಿರಲಿಲ್ಲ. ಮಹಡಿಯ ಕಿಟಕಿಗಳು ಒಂದೊಂದಾಗಿ ಸರಿದು ಮುಚ್ಚುವ ಸದ್ದು ಮಾತ್ರ ಇಳಿದು ಬರುತ್ತಿತ್ತು. ಆಗ ಕಾಲರಮ್ಮ ಮೆಷಿನ್ನಿನ ಮುಂದೆ ಕೂರುತ್ತಿದ್ದಳು.

ಮೊದಲ ಸಲ ಅದು ತಾನಾಗಿ ಆದದ್ದು. ಮೇಲಿನಿಂದ ಏನೋ ಬಿದ್ದ ಸದ್ದು ಕೇಳಿ ಕೈಕಾಲು ತಣ್ಣಗಾದವು. ಕೈಕಾಲಿಗೆ ಗೊತ್ತಿದ್ದ ಕೆಲಸ ಒಂದೇ, ಅದನ್ನೇ ಮಾಡಿದವು. ಮೆಷಿನ್ ಓಡತೊಡಗಿದ ಮೇಲೆ ಬೇರೇನೂ ಕೇಳಿಸಲಿಲ್ಲ. ಎಷ್ಟು ಹಾಯೆನಿಸಿತೆಂದರೆ ಅವಳಿಗೇ ನಾಚಿಕೆಯಾಯಿತು. ಎರಡನೆಯ ಸಲ ಹೊಲಿಗೆ ಸೊಟ್ಟಗಾಗಿ ಒಳ್ಳೆಯ ಕಾಲರು ಕೆಟ್ಟಿತು. ಮೂರನೆಯ ಸಲ ಬುದ್ಧಿ ಉಪಯೋಗಿಸಿದಳು. ನೂಲು ತೆಗೆದಿಟ್ಟು, ಹಾಳು ಬಟ್ಟೆಯ ತುಂಡು ಇಟ್ಟುಕೊಂಡಳು. ಬೀದಿಯ ಕಿವಿಗೆ ಮನೆಯ ಗುಟ್ಟು ಬೀಳಬಾರದು, ಸೊಸೆಗೂ ಅವಮಾನವಲ್ಲವೇ, ನಾಳೆ ಇಬ್ಬರೂ ಸರಿಹೋದರೆ ಇದೇ ಬೀದಿಯಲ್ಲಿ ಮುಖವೆತ್ತಿ ಓಡಾಡಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ಗಂಡ ಬದುಕಿದ್ದಷ್ಟು ಕಾಲ ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ. ನಾನೂ ಹಾಗೆಯೇ ಸಹಿಸಿಕೊಂಡೆ ಎನ್ನುವ ನೆಪ ಕೂಡ ಅವಳಿಗಿರಲಿಲ್ಲ.

ಸೊಸೆ ಹೋದ ಕೆಲವು ವಾರಗಳ ಮೇಲೆ ಕೋರ್ಟಿನಿಂದ, ಮನೆಯೊಳಗಿನ ಹೊಡೆತ ಬಡಿತದ ದೂರು ವಿಚಾರಿಸುವ ರಕ್ಷಣಾಧಿಕಾರಿ ಬಂದಳು. ಸ್ಕೂಟರಿನಲ್ಲಿ ಬಂದ ದಪ್ಪನೆಯ ಹೆಂಗಸು. ಹೆಲ್ಮೆಟ್ಟನ್ನು ಕಾಲರಿನ ಗಂಟಿನ ಮೇಲಿಟ್ಟು, ನೀರು ಕೇಳಿ ಕುಡಿದು, ಪ್ಲಾಸ್ಟಿಕ್ ಚೀಲವೊಂದನ್ನು ಮುಂದೆ ಚಾಚಿದಳು.

"ಇದು ನಿಮ್ಮದಂತೆ. ಕೊಟ್ಟುಬಿಡಿ ಅಂದ್ರು."

ಒಳಗೆ ಅವಳ ಚಪ್ಪಲಿ ಇತ್ತು. ತೊಳೆದು ಒಣಗಿಸಿತ್ತು. ಕಾಲರಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಎಲ್ಲಿಡಬೇಕೆಂದು ತೋಚಲಿಲ್ಲ.

"ಕೈ ಹೇಗಿದೆ ಅವಳದು?"

"ಮೂಳೆ ಬಿರುಕು ಬಿಟ್ಟಿದೆ. ಡ್ರೈವಿಂಗ್ ಸ್ಕೂಲಿನ ಓನರ್ ಮನೇಲಿದಾರೆ. ಎಷ್ಟು ದಿನ ಅಂತ ಇನ್ನೊಬ್ಬರ ಮನೇಲಿರೋದು, ಅದಕ್ಕೇ ಈ ಮನೆ ಮಹಡೀಲಿ ಇರೋಕೆ ಅವಕಾಶ ಬೇಕು, ಗಂಡ ಹೊರಗಡೆ ಹೋಗ್ಬೇಕು ಅಂತ ಅರ್ಜಿ ಹಾಕಿದಾರೆ."

"ಮನೆ ನನ್ನ ಹೆಸರಲ್ಲಿದೆಯಲ್ಲ?"

ಇದನ್ನು ಯಾಕೆ ಕೇಳಿದಳೋ ಅವಳಿಗೇ ತಿಳಿಯಲಿಲ್ಲ. ಅಧಿಕಾರಿಗೆ ಆ ಪ್ರಶ್ನೆ ಹೊಸತೇನಲ್ಲ.

"ಯಾರ ಹೆಸರಲ್ಲಾದ್ರೂ ಇರ್ಲಿ ಅಮ್ಮ. ಮದುವೆಯಾಗಿ ಬಾಳಿದ ಮನೆ ಇದು. ಇಲ್ಲಿರೋ ಹಕ್ಕು ಅವರಿಗಿದೆ. ಹೊರಗೆ ಹೋಗ್ಬೇಕಾದೋರು ಹೊಡೆದೋರು, ಹೊಡೆಸ್ಕೊಂಡೋರಲ್ಲ. ಆದ್ರೆ ಹೊಡೆದ್ರು ಅನ್ನೋದನ್ನ ತೋರಿಸ್ಬೇಕಲ್ಲ. ಮೆಟ್ಟಿಲಿಂದ ಬಿದ್ಲು ಅಂತ ನಿಮ್ಮ ಮಗ ಹೇಳ್ತಿದಾರೆ. ನೀವು ಕೆಳಗೇ ಇದ್ರಲ್ಲ, ಏನು ಕೇಳಿಸ್ತು?"

ಕಾಲರಮ್ಮ ಚೀಲದ ಬಾಯನ್ನು ಮಡಚಿದಳು, ಬಿಚ್ಚಿದಳು. "ಮೆಷಿನ್ ಓಡ್ತಿತ್ತು," ಅಂದಳು.

ಅಧಿಕಾರಿ ಅದನ್ನು ಬರೆದುಕೊಂಡು, ಹೆಲ್ಮೆಟ್ ಎತ್ತಿ ಹಿಡಿದು ಪಕ್ಕದ ಮನೆಗೆ ಹೋದಳು. ಗೋಡೆ ತೆಳ್ಳಗಿತ್ತು. ಟ್ಯೂಷನ್ ಮೇಡಂ ದನಿ ಪಾಠ ಮಾಡಿ ಮಾಡಿ ಪಳಗಿದ್ದು, ಒಂದಕ್ಷರವೂ ಸೋರಿಹೋಗದೆ ಈಚೆಗೆ ಬಂತು.

"ನೋಡಿ ಮೇಡಂ, ಸುಳ್ಳು ಹೇಳಿ ನನಗೇನು ಆಗ್ಬೇಕಾಗಿದೆ? ಆ ಮನೆಯಿಂದ ಒಂದು ಕೂಗಾಟ ಕೇಳಿಲ್ಲ ನಾನು. ಹುಡುಗ ಅಂತೂ ಚಿನ್ನ. ನನ್ನ ಕನ್ನಡಕ ನೋಡಿ, ಅವನೇ ಹಾಕ್ಕೊಟ್ಟಿದ್ದು. ಗಲಾಟೆ ಅಂತ ಇದ್ರೆ ಅವರಮ್ಮನ ಮೆಷಿನ್ದೊಂದೇ. ಅದನ್ನ ಬೇಕಾದ್ರೆ ಬರ್ಕೊಳ್ಳಿ, ಕೇಸ್ ಹಾಕಿ, ನಾನೇ ಬಂದು ಸಾಕ್ಷಿ ಹೇಳ್ತೀನಿ!"

ಎದುರು ಮನೆಯವರೂ ಅದನ್ನೇ ಹೇಳಿದರು. ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ಬೀದಿಗೆ ಬೀದಿಯೇ ನಿಜ ಹೇಳುತ್ತಿತ್ತು, ಮತ್ತು ಆ ನಿಜವನ್ನು ಕೂತು ಹೊಲಿದುಕೊಟ್ಟವಳು ಈಚೆ ಗೋಡೆಗೆ ಕಿವಿಯಿಟ್ಟು ಚಪ್ಪಲಿಯ ಚೀಲ ಹಿಡಿದುಕೊಂಡು ಕೂತಿದ್ದಳು.

ವಿಚಾರಣೆಯ ಹಿಂದಿನ ದಿನ ಮಗ ಬೇಗ ಅಂಗಡಿ ಮುಚ್ಚಿ ಬಂದ. ಅವಳ ಮುಂದೆ ಸ್ಟೂಲು ಎಳೆದುಕೊಂಡು ಕೂತು, "ಅಮ್ಮ, ಕನ್ನಡಕ ಕೊಡಿಲ್ಲಿ. ಜಾರ್ತಿದೆ," ಎಂದ. ತೆಗೆದುಕೊಂಡು, ಬಾಯಿಯ ಹಬೆ ಹಾಕಿ ಒರೆಸಿ, ಸ್ಕ್ರೂ ಬಿಗಿ ಮಾಡಿ, ತಾನೇ ಅವಳ ಕಿವಿಗೆ ಏರಿಸಿದ. ಅವನ ಬೆರಳು ತಣ್ಣಗೆ, ಹಗುರವಾಗಿದ್ದವು. ಇದೇ ಬೆರಳು, ಅಂದುಕೊಂಡಳು. ಹಾಗೆ ಅಂದುಕೊಂಡೂ ಅವನ ತಲೆ ಸವರಿದಳು.

"ಈಗ ಸರಿಯಾಗಿ ಕಾಣ್ತಿದೆಯಾ?"

"ಕಾಣ್ತಿದೆ."

"ನಾಳೆ ಹೆದರ್ಕೋಬೇಡಮ್ಮ. ಲಾಯರ್ ಒಂದೇ ಪ್ರಶ್ನೆ ಕೇಳ್ತಾರೆ. ಜಗಳದ ಸದ್ದು ಕೇಳಿಸ್ತಾ ಅಂತ. ಇಲ್ಲ ಅನ್ನು, ಇಳಿದು ಬಾ. ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ ನೋಡು. ನಿನಗೆ ನಿಜವಾಗ್ಲೂ ಕೇಳಿಸಿಲ್ಲ ತಾನೆ?"

"ಅವಳ ಕೈ..."

"ಅದು ಅವಳ ಹಟ ಅಮ್ಮ. ಎಳೆದಾಡಿದ್ರೆ ಹಾಗಾಗುತ್ತೆ." ಮೆಲ್ಲಗೆ ನಕ್ಕು ಮೆಷಿನ್ನನ್ನು ತಟ್ಟಿದ. "ನಾನು ಥ್ಯಾಂಕ್ಸ್ ಹೇಳ್ಬೇಕಾಗಿರೋದು ಇದಕ್ಕೆ. ನಾನು ಕಿಟಕಿ ಮುಚ್ಚೋದು, ನೀನು ಇದನ್ನ ಹಾಕೋದು. ಹೇಳಿ ಮಾಡಿಸಿದ ಹಾಗೆ! ಒಂದೊಂದು ಸಲ ನೀನು ತಡ ಮಾಡ್ತಿದ್ದೆ ನೋಡು. ಆಗ ನಾನು ಅಲ್ಲೇ ಕಾಯ್ತಾ ನಿಂತಿರ್ತಿದ್ದೆ. ಕಾದೂ ಕಾದೂ ಬಂದ ಕೋಪಾನೇ ಇಳಿದುಹೋಗ್ತಿತ್ತು."

ಅವನು ಅದನ್ನು ತಮಾಷೆಯಾಗಿಯೇ ಹೇಳಿದ. ಮಕ್ಕಳು ತಮ್ಮ ಹಳೆಯ ತುಂಟತನವನ್ನು ತಾಯಿಯ ಮುಂದೆ ಬಿಚ್ಚಿಡುವ ಹಾಗೆ, ತಾಯಿ ನಗುತ್ತಾಳೆಂಬ ಭರವಸೆಯಲ್ಲಿ. ಹೇಳಿ ಎದ್ದು ಮೇಲೆ ಹೋದ.

ಕಾಲರಮ್ಮ ಕೂತೇ ಇದ್ದಳು. ಕನ್ನಡಕ ಬಿಗಿಯಾಗಿ ಕೂತಿತ್ತು, ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಹಿಂದೊಮ್ಮೆ ಮೆಷಿನ್ನಿನ ಬೆಲ್ಟು ಹರಿದ ದಿನ ಕಂಡಿತು. ಅವತ್ತು ಕಿಟಕಿಗಳು ಮುಚ್ಚಿದ್ದವು. ಅವಳು ಪೆಡಲು ಒತ್ತಿದಳು. ಮೋಟಾರು ಗುಂಯ್ ಎಂದಿತು, ಬೆಲ್ಟು ಪಟ್ಟನೆ ಹರಿದು ಹಾವಿನ ಹಾಗೆ ನೆಲಕ್ಕೆ ಬಿತ್ತು. ಬೆವರುತ್ತ, ಈಗ ಶುರುವಾಗುತ್ತದೆ, ಬೀದಿಗೆಲ್ಲ ಕೇಳುತ್ತದೆ ಎಂದು ಮೈಯೆಲ್ಲ ಕಿವಿಯಾಗಿ ಕೂತಳು. ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿಟಕಿಗಳು ತೆರೆದುಕೊಂಡವು. ಮಗ ಕೆಳಗಿಳಿದು ಬಂದು, "ಯಾಕಮ್ಮ, ಇವತ್ತು ಹೊಲಿಗೆ ಇಲ್ವಾ?" ಎಂದು ಕೇಳಿದ. ಸಂಜೆ ಅಂಗಡಿಯಿಂದ ಬರುವಾಗ ಹೊಸ ಬೆಲ್ಟು ತಂದು, ಮಂಡಿಯೂರಿ ಕೂತು ತಾನೇ ಹಾಕಿಕೊಟ್ಟ. ನನ್ನ ಮಗನಿಗೆ ನನ್ನ ಕೆಲಸದ ಮೇಲೆ ಎಷ್ಟು ಕಾಳಜಿ ಎಂದು ಅವಳು ಟ್ಯೂಷನ್ ಮೇಡಂ ಹತ್ತಿರ ಹೇಳಿಕೊಂಡು ಹೆಮ್ಮೆಪಟ್ಟಿದ್ದಳು.

ತಾನು ಬರೀ ಕೇಳಿಸದಂತೆ ಮಾಡುತ್ತಿದ್ದೇನೆಂದು ಇಷ್ಟು ದಿನ ಅಂದುಕೊಂಡಿದ್ದಳು. ಈಗ ಗೊತ್ತಾಯಿತು, ಹೊಡೆತವನ್ನು ಅವಳೇ ಶುರು ಮಾಡಿಸುತ್ತಿದ್ದಳು.

ಕೋರ್ಟಿನ ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು. ನ್ಯಾಯಾಧೀಶೆಗೆ ನೆಗಡಿ. ಕರ್ಚೀಫಿನಿಂದ ಮೂಗೊರೆಸಿಕೊಂಡು, ಎರಡೂ ಕಡೆಯವರನ್ನು ಬಿಟ್ಟು ಉಳಿದವರನ್ನು ಆಚೆ ಕಳಿಸಿದಳು. ಸೊಸೆ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದಳು, ಕೈ ಇನ್ನೂ ಪಟ್ಟಿಯ ಜೋಳಿಗೆಯಲ್ಲಿತ್ತು. ಅತ್ತೆ ಒಳಗೆ ಬಂದಾಗ ತಲೆ ಎತ್ತಿದಳು, ತಗ್ಗಿಸಿದಳು. ಕಾಲರಮ್ಮ ಸೊಸೆ ತೊಳೆದು ಕಳಿಸಿದ ಆ ಹಳೆಯ ಚಪ್ಪಲಿಯನ್ನೇ ಮೆಟ್ಟಿ ಬಂದಿದ್ದಳು. ಬರುತ್ತ ದಾರಿಯುದ್ದಕ್ಕೂ ಅದು ಅವಳ ಪಾದವನ್ನು ಕಚ್ಚಿತ್ತು.

ಮಗನ ಲಾಯರ್ ಅವಳನ್ನು ಕರೆದು ನಿಲ್ಲಿಸಿದ.

"ಅಮ್ಮ, ನೀವು ಅದೇ ಮನೆಯ ಕೆಳಗಡೆ ಇರ್ತೀರಿ."

"ಹೌದು."

"ನಿಮಗೆ ಕಿವಿ ಚೆನ್ನಾಗಿ ಕೇಳಿಸುತ್ತೆ."

"ಕೇಳಿಸುತ್ತೆ."

ಹೊರಗೆ ಲಾರಿಯೊಂದು ಹಾರ್ನ್ ಹೊಡೆಯತೊಡಗಿತು. "ಏನೂ ಕೇಳಿಸ್ತಿಲ್ಲ, ಆ ಕಿಟಕಿ ಹಾಕಿ," ಎಂದಳು ನ್ಯಾಯಾಧೀಶೆ. ಜವಾನ ಹೋಗಿ ಕಿಟಕಿ ಎಳೆದ. ಸರ್ ಎಂದಿತು.

ಕಟಕಟೆಯೊಳಗೆ ಕಾಲರಮ್ಮನ ಬಲಗಾಲು ತಾನಾಗಿಯೇ ಹಲಗೆಯನ್ನು ಒತ್ತಿತು.

ಯಾರೂ ನೋಡಲಿಲ್ಲ. ಅವಳು ನೋಡಿಕೊಂಡಳು. ಬೆರಳು ಬಾಗಿ, ಹಿಮ್ಮಡಿ ಎದ್ದು, ಕಾಲು ತನ್ನ ಕೆಲಸ ಮಾಡುತ್ತ ನಿಂತಿತ್ತು. ಅದಕ್ಕೆ ಇಲ್ಲಿ ಮೆಷಿನ್ ಇಲ್ಲವೆಂಬುದೂ ಗೊತ್ತಿರಲಿಲ್ಲ.

"ಮಹಡಿಯಿಂದ ಜಗಳದ ಸದ್ದು, ಕಿರುಚಾಟ, ಏನಾದರೂ ಕೇಳಿಸಿದ್ದು ಉಂಟಾ?"

"ಇಲ್ಲ."

"ಅಷ್ಟೇ," ಎಂದು ಲಾಯರ್ ನ್ಯಾಯಾಧೀಶೆಯ ಕಡೆ ತಿರುಗಿದ. ಕಾಲರಮ್ಮ ಇಳಿಯಲಿಲ್ಲ.

"ಕೇಳಿಸದೇ ಇರೋ ಹಾಗೆ ನಾನೇ ಮೆಷಿನ್ ಹಾಕ್ತಿದ್ದೆ."

"ಅಮ್ಮ, ಕೇಳಿದ್ದಕ್ಕೆ ಉತ್ತರ ಆಯ್ತು, ನೀವಿನ್ನು..."

"ಇರ್ರೀ," ಎಂದಳು ನ್ಯಾಯಾಧೀಶೆ. ಕರ್ಚೀಫು ಪಕ್ಕಕ್ಕಿಟ್ಟಳು. "ಏನು ಕೇಳಿಸದೇ ಇರೋ ಹಾಗೆ?"

"ಅವನು ಅವಳನ್ನ ಹೊಡೆಯೋದು."

"ನೀವು ನಿಮ್ಮ ಕೆಲಸಕ್ಕೆ ಹೊಲೀತಿದ್ರೋ, ಇಲ್ಲ..."

"ಹೊಲೀತಿರಲಿಲ್ಲ ಮೇಡಂ. ನೂಲು ತೆಗೆದಿಡ್ತಿದ್ದೆ. ದಂಡ ಯಾಕೆ ಅಂತ." ಈ ಸಲ ಆ ಮಾತನ್ನು ಬೇಕೆಂದೇ ಹೇಳಿದಳು, ಹುಣ್ಣಿನ ಮೇಲೆ ತಾನೇ ಉಗುರಿಟ್ಟ ಹಾಗೆ. "ಅವನು ಮೊದಲು ಕಿಟಕಿ ಮುಚ್ತಿದ್ದ. ಆ ಸದ್ದಿಗೆ ನಾನು ಪೆಡಲು ಒತ್ತುತಿದ್ದೆ. ನಾನು ಒತ್ತೋತನಕ ಅವನು ಕಾಯ್ತಿದ್ದನಂತೆ. ನಿನ್ನೆ ಅವನೇ ಹೇಳ್ದ. ಬೆಲ್ಟು ಹರಿದ ದಿನ ಅವನು ಹೊಡೀಲಿಲ್ಲ. ಆಮೇಲೆ ಹೊಸ ಬೆಲ್ಟು ತಂದುಕೊಟ್ಟ. ಮಾರನೇ ದಿನ ನಾನು ಮತ್ತೆ ಒತ್ತಿದೆ."

"ನೀವು ಅವರ ತಾಯಿ."

"ಹೌದು."

"ಇದನ್ನ ಯಾರಾದ್ರೂ ಹೇಳಿಕೊಟ್ರಾ?"

"ಹೇಳಿಕೊಟ್ಟಿದ್ದು ಮೊದಲ್ನೇ ಉತ್ತರ ಮಾತ್ರ, ಇಲ್ಲ ಅನ್ನೋದು."

ಟೈಪಿಸ್ಟ್ ಕೈ ನಿಲ್ಲಿಸಿ ತಲೆ ಎತ್ತಿದ. ಮಗ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಜೊತೆಯಲ್ಲಿ ಆಡುತ್ತಿದ್ದವಳು ನಡುವೆ ಎದ್ದುಹೋದಾಗ ಮಗುವಿನ ಮುಖದಲ್ಲಿ ಕಾಣುವಂಥ ಬೆರಗು ಇತ್ತು. ಅದೇ ಅವಳನ್ನು ಹೆಚ್ಚು ಇರಿದದ್ದು. ಸೊಸೆಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಆದೇಶ ಬಂತು. ಮಗ ಮನೆ ಬಿಡಬೇಕು, ಆ ಬೀದಿಗೆ ಕಾಲಿಡಬಾರದು, ಸೊಸೆಯ ಕೆಲಸದ ಜಾಗಕ್ಕೂ ಹೋಗಬಾರದು, ಫೋನು ಮಾಡಬಾರದು, ಮೀರಿದರೆ ಪೊಲೀಸರು. ಮಹಡಿಯಲ್ಲಿ ಸೊಸೆ ಇರಬಹುದು. ಕೈ ಮುರಿದದ್ದಕ್ಕೆ ಬೇರೆ ಕೇಸು ನಡೆಯುತ್ತದೆ. ಮಗ ಸೂಟ್‌ಕೇಸು ಹಿಡಿದು ಕೆಳಗಿಳಿದವನು ಬಾಗಿಲಲ್ಲಿ ನಿಂತ.

"ಇನ್ಮೇಲೆ ಕನ್ನಡಕದ ಸ್ಕ್ರೂ ಬೇರೆ ಯಾರ ಹತ್ರಾನಾದ್ರೂ ಹಾಕಿಸ್ಕೋ," ಎಂದ. ಅದೇ ಮೆಲುದನಿ. ಅಂಗಡಿಯ ಹಿಂದಿನ ಕೋಣೆಗೆ ಹೋದನೆಂದು ಆಮೇಲೆ ತಿಳಿಯಿತು.

ಬೀದಿ ಎರಡು ಪಾಲಾಯಿತು. ಹೆತ್ತ ಮಗನನ್ನೇ ಬೀದಿಪಾಲು ಮಾಡಿದವಳು ಎಂದು ಕೆಲವರು ಮುಖ ತಿರುಗಿಸಿದರು. ಅದನ್ನು ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಹೊಗಳಿಕೆ. ಟ್ಯೂಷನ್ ಮೇಡಂ ಒಂದು ಸಂಜೆ ಬಂದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಿಮ್ಮಂಥ ಅತ್ತೆ ಎಲ್ಲರಿಗೂ ಸಿಗ್ಬೇಕು ಕಾಲರಮ್ಮ. ನಾನು ನೋಡಿ, ಪೆದ್ದಿ, ಮೆಷಿನ್ ಮೆಷಿನ್ ಅಂತ ಬೈತಿದ್ದೆ," ಎಂದಳು.

"ಬೈಬೇಕಿತ್ತು ಮೇಡಂ. ಇನ್ನೂ ಜೋರಾಗಿ ಬೈಬೇಕಿತ್ತು."

"ಅಯ್ಯೋ, ಬಿಡಿ. ಕೊನೆಗಾದ್ರೂ ಹೇಳಿದ್ರಲ್ಲ."

ಕೊನೆಗಾದರೂ. ಆ ಪದ ಅವಳ ಬೆನ್ನು ಬಿಡಲಿಲ್ಲ. ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ, ಬೆನ್ನ ಹಿಂದೆಯೇ ನಿಂತಿರುತ್ತಿತ್ತು.

ಸೊಸೆ ಒಂದು ಬೆಳಗ್ಗೆ ಬೀಗದವನನ್ನು ಕರೆದುಕೊಂಡು ಬಂದಳು. ಹೊರಗಿನ ಮೆಟ್ಟಿಲು ಹತ್ತಿ, ಹಳೆ ಬೀಗ ತೆಗೆಸಿ ಹೊಸದು ಹಾಕಿಸಿದಳು. ಕೆಳಗಿನ ಬಾಗಿಲ ಕಡೆ ತಿರುಗಲಿಲ್ಲ. ಮಹಡಿಯ ಕಿಟಕಿಗಳೆಲ್ಲ ತೆರೆದವು, ಆಮೇಲೆ ಮುಚ್ಚಲೇ ಇಲ್ಲ, ಗಾಳಿ ಜೋರಾಗಿ ಬೀಸಿದಾಗಲೂ.

ಕಾರ್ಖಾನೆಯವನು ಕಾಲರು ಎಲ್ಲಿ, ಕಾಲರು ಎಲ್ಲಿ ಎಂದು ಕೂಗಾಡಿ ಹೋದ ಮೇಲೆ ಕಾಲರಮ್ಮ ಮೆಷಿನ್ನಿನ ಮೇಲಿನ ಹೊದಿಕೆ ತೆಗೆದಳು. ನೂಲು ಪೋಣಿಸಿದಳು. ಪೋಣಿಸಿದ್ದೇನೆಂದು ಎರಡು ಸಲ ನೋಡಿಕೊಂಡಳು. ಮೇಲೆ ಸೊಸೆ ಓಡಾಡುತ್ತಿದ್ದಳು, ಪಾತ್ರೆಯ ಸದ್ದು, ನಲ್ಲಿಯ ಸದ್ದು, ಆರಾಮವಾದ ಹೆಜ್ಜೆ. ಕಾಲರಮ್ಮ ಪೆಡಲು ಒತ್ತಿದಳು. ಒಂದು ಕಾಲರಿನ ಒಂದು ಅಂಚು ಹೊಲಿದಿರಬೇಕು, ಕಾಲು ಸಡಿಲಿಸಿ ಬಟ್ಟೆ ತಿರುಗಿಸಿದಳು. ಮೇಲೆ ಹೆಜ್ಜೆ ನಿಂತುಹೋಗಿತ್ತು. ಕೋಣೆಯ ನಟ್ಟನಡುವೆ. ನಲ್ಲಿ ಮಾತ್ರ ಸುರಿಯುತ್ತಿತ್ತು, ಮುಚ್ಚುವವರಿಲ್ಲದೆ. ಕಾಲರಮ್ಮ ಬಟ್ಟೆ ಹಿಡಿದುಕೊಂಡೇ ಕಾದಳು. ಆ ಹೆಜ್ಜೆ ಬಹಳ ಹೊತ್ತಿನ ತನಕ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಅವಳು ಸ್ವಿಚ್ಚು ಆರಿಸಿದಳು. ನೆಲಕ್ಕೆ ಕೂತು, ಪ್ಲಗ್ಗು ಕಿತ್ತು, ಮೋಟಾರಿನಿಂದ ಪೆಡಲನ್ನು ಬಿಚ್ಚಿದಳು. ವಯರನ್ನು ಅದಕ್ಕೇ ಸುತ್ತಿದಳು. ಎಷ್ಟು ವರ್ಷ ಒತ್ತಿದ್ದಳೆಂದರೆ ಅದರ ಮೇಲಿನ ಗೀರುಗಳು ಸವೆದು ಅವಳ ಪಾದದ ಆಕಾರ ಬಂದಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಗಿನ ಮೆಟ್ಟಿಲು ಹತ್ತಿದಳು. ಕನ್ನಡಕ ಜಾರಿ ಜಾರಿ ಮೂಗಿನ ತುದಿಗೆ ಬರುತ್ತಿತ್ತು, ಏರಿಸಲು ಕೈ ಖಾಲಿ ಇರಲಿಲ್ಲ. ಪ್ರತಿ ಮೆಟ್ಟಿಲಿಗೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು, ಮುಂದಿನ ಮೆಟ್ಟಿಲಲ್ಲಿ ಅದು ಚೆದುರಿತು.

ಸೊಸೆ ಬಾಗಿಲು ತೆರೆದಳು. ಒಳಗೆ ಬಾ ಎನ್ನಲಿಲ್ಲ. ಕೈಯ ಜೋಳಿಗೆ ಹೋಗಿತ್ತು. ಮುಂಗೈ ಬಡಕಲಾಗಿ, ಬಿಸಿಲು ಕಾಣದೆ ಬಿಳಿಚಿಕೊಂಡಿತ್ತು.

"ಹೆದರಿದೆಯಾ ಮಗಳೇ?" ಎಂದಳು ಕಾಲರಮ್ಮ. "ನೂಲು ಹಾಕಿದ್ದೆ. ಕೆಲಸದ್ದೇ ಹೊಲಿಗೆ."

"ಗೊತ್ತು. ನನ್ನ ಕಾಲಿಗೆ ಅದು ಗೊತ್ತಿರಲಿಲ್ಲ."

"ನನ್ನ ಕಾಲಿಗೂ..." ಎಂದು ಶುರು ಮಾಡಿ ನಿಲ್ಲಿಸಿದಳು. ಕಟಕಟೆಯಲ್ಲಿ ಒತ್ತಿದ ಕಾಲಿನ ಕಥೆ ಇವಳಿಗೆ ಹೇಳಿ ಏನು ಪಡೆಯಬೇಕಾಗಿದೆ? "ನಿನಗೆ ಗೊತ್ತಿತ್ತಾ? ನಾನು ಒತ್ತೋತನಕ ಅವನು ಕಾಯ್ತಿದ್ದ ಅಂತ?"

"ನಾನೂ ಅಲ್ಲೇ ನಿಂತು ಕಾಯ್ತಿದ್ದೆನಲ್ಲ. ಇವತ್ತು ಮೆಷಿನ್ ಸದ್ದು ಬರದೇ ಇರ್ಲಿ, ಇವತ್ತು ಬರದೇ ಇರ್ಲಿ ಅಂತ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಕಾಲರಮ್ಮ ಪೆಡಲನ್ನು ಮುಂದೆ ಚಾಚಿದಳು. ಸುತ್ತಿದ್ದ ವಯರಿನ ತುದಿ ಬಿಚ್ಚಿಕೊಂಡು ಜೋತುಬಿತ್ತು.

"ಇದು ನಿನ್ನ ಹತ್ರಾನೇ ಇರ್ಲಿ. ಇದಿಲ್ಲದೆ ಅದು ಓಡಲ್ಲ. ನೀನು ಪಾಠಕ್ಕೆ ಹೋಗುವಾಗ ಕೊಟ್ಟು ಹೋಗು, ಆಗ ಹೊಲ್ಕೋತೀನಿ. ಕೊಡದೇ ಇದ್ರೂ ಸರಿ. ಇನ್ನು ಇದು ನಿನ್ನ ಕೈಲೇ."

ಸೊಸೆ ಪೆಡಲನ್ನು ನೋಡಿದಳು. ಅದರ ಮೇಲಿನ ಪಾದದ ಗುರುತನ್ನು ನೋಡಿದಳು. ಕಾಲರಮ್ಮನಿಗೆ ಅವಳು ಕೈ ಚಾಚುತ್ತಾಳೆ ಎನಿಸಿತು, ಆ ಬಿಳಿಚಿದ ಕೈ ಬಾಗಿಲ ಚೌಕಟ್ಟಿನಿಂದ ಒಂದಿಷ್ಟು ಎದ್ದ ಹಾಗೂ ಕಂಡಿತು.

"ಕಾರಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕಿರುತ್ತೆ," ಎಂದಳು ಸೊಸೆ. "ಕಲಿಯೋರು ತಪ್ಪು ಮಾಡಿದ್ರೆ ನಾನು ಒತ್ತಬೇಕು. ಅದು ನನ್ನ ಕೆಲಸ, ಸಂಬಳ ಕೊಡ್ತಾರೆ. ಮನೆಗೆ ಬಂದೂ ಇನ್ನೊಬ್ಬರ ಕಾಲು ನಾನೇ ಕಾಯ್ತಾ ಕೂರ್ಬೇಕಾ?"

"ಹಾಗಲ್ಲ ಕಣೇ. ನನ್ನ ಮನಸ್ಸಿಗೆ ಒಂದಿಷ್ಟು..."

"ಅದೇ. ನಿಮ್ಮ ಮನಸ್ಸಿಗೆ."

ಅತ್ತೆ ಎಂಬ ಮಾತು ಈಗ ಆ ವಾಕ್ಯಗಳಲ್ಲಿ ಎಲ್ಲೂ ಇರಲಿಲ್ಲ. ಕಾಲರಮ್ಮ ಆಗ ಗಮನಿಸಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ತಿಳಿಯಲಿಲ್ಲ.

"ಇಟ್ಕೋ," ಎಂದಳು ಮತ್ತೆ, ಬೇಡುವವಳ ದನಿಯಲ್ಲಿ. "ಮೂಲೇಲಿ ಬಿಸಾಕಿರು. ಇಟ್ಕೊಂಡ್ರೆ ಸಾಕು."

"ಬೇಡ," ಎಂದಳು ಸೊಸೆ. "ಕೆಳಗೆ ತಗೊಂಡು ಹೋಗಿ."